ಎಳ್ಳಿನಷ್ಟು ಗಂಟು

ಫೆಬ್ರವರಿ ಹನ್ನೊಂದು, ಬುಧವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಜಮಖಂಡಿ ಠಾಣೆಗೆ ಬಂದ ಹೆಣ್ಣುಮಗಳು ಮಡಚಿದ ಕರ್ಚೀಫೊಂದನ್ನು ಪಿಎಸ್‌ಐ ಪವಮಾನ ಗಲಗಲಿಯ ಟೇಬಲ್ಲಿನ ಮೇಲೆ ಬಿಚ್ಚಿದಳು. ಒಳಗೆ ಒಂದೂವರೆ ಗೇಣಿನ ಕೆಂಪು ದಾರವಿತ್ತು.

"ನಿನ್ನೆ ಸಂಜೀಗೆ ಡ್ಯೂಟಿ ಮುಗಿಸಿ ಬಂದಾಗ ನಮ್ಮನಿ ಚಿಲಕಕ್ಕ ಕಟ್ಟಿತ್ತು," ಎಂದಳು. "ನಾ ಶುಕ್ರವಾರ ಸಾಯಬೇಕಂತ ಇದರ ಅರ್ಥ."

ಹದಿನೇಳು ವರ್ಷದ ನೌಕರಿಯಲ್ಲಿ ಪವಮಾನ ಕೊಡಲಿ ನೋಡಿದ್ದ, ಕುಡುಗೋಲು ನೋಡಿದ್ದ. ದಾರಕ್ಕೆ ಹೆದರಿ ಠಾಣೆಗೆ ಬಂದವರನ್ನು ನೋಡಿರಲಿಲ್ಲ. ನಗು ಬಂತು. ಆದರೆ ಆಕೆಯ ಕಣ್ಣ ಕೆಳಗಿನ ಕಪ್ಪು ನೋಡಿ ನಗುವನ್ನು ಅಲ್ಲೇ ನುಂಗಿದ.

ಹೆಸರು ಕೇತಕಿ ತುಂಗಳ, ವಯಸ್ಸು ಮೂವತ್ತೊಂದು. ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಮಿಸ್ಟ್. ಮಹಡಿ ಮೇಲಿನ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇರುತ್ತಾಳೆ. 'ಕೆಂಪೆಳೆ' ಎಂಬ ಸರಣಿ ಕೊಲೆಗಾರನ ಧಾರಾವಾಹಿಯ ಎರಡನೇ ಸೀಸನ್ನು ಜನವರಿ ಇಪ್ಪತ್ತಮೂರಕ್ಕೆ ಮುಗಿದಿತ್ತು. ಅದರ ಅಭಿಮಾನಿಗಳಿಗೆಂದು ಈಕೆ ವಾಟ್ಸಾಪ್ ಗುಂಪು ಮಾಡಿದ್ದಳು. ಐವತ್ತೆಂಟು ಮಂದಿ, ಎಲ್ಲರೂ ಈ ನಾಲ್ಕು ಊರಿನ ಸುತ್ತಿನವರೇ.

"ಆ ಧಾರಾವಾಹಿಯೊಳಗ ಕೊಲೆಗಾರ ಮೊದಲು ಮೂರು ಬಾಗಲಕ್ಕ ಸುಮ್ನ ದಾರ ಕಟ್ಟತಾನ. ಊರು ಹೆದರಲಿ ಅಂತ. ನಾಲ್ಕನೇ ಬಾಗಲಕ್ಕ ಕಟ್ಟಿ ಮೂರು ದಿನಕ್ಕ ಕೊಲ್ತಾನ."

"ಮತ್ತ ನಿಮ್ಮದೆಷ್ಟನೇದ್ದು?"

"ನಾಲ್ಕನೇದ್ದು."

ಬಾಗಿಲ ಬಳಿ ನಿಂತಿದ್ದ ಹೆಡ್‌ ಕಾನ್‌ಸ್ಟೆಬಲ್ ಅಮಸಿದ್ದಪ್ಪ ಬಾಯಿ ಹಾಕಿದ. "ನಮ್ಮ ಮನ್ಯಾಕಿನೂ ನೋಡ್ಯಾಳ್ರಿ ಸಾಹೇಬ್ರ. ಹದಿನಾಲ್ಕ ವಾರ ರೊಟ್ಟಿ ಸೀಯಿಸಿದ್ಲು. ಕಡಿಕ ನೋಡಿದ್ರ ಕೊಲೆಗಾರ ಯಾರ್ರಿ? ಪೊಲೀಸ! ಅವತ್ತಿಂದ ನನಗ ಚಹಾ ಕೊಡಬೇಕಾದ್ರ ಒಂದ ನಮೂನಿ ನೋಡತಾಳ."

ಕೇತಕಿ ನಗಲಿಲ್ಲ. ಪುಣೆಯಲ್ಲಿರುವ ಅಣ್ಣ ಅಜಿತ, ಶನಿವಾರ ಗಾಡಿ ತರುತ್ತೇನೆ, ಸಾಮಾನು ಕಟ್ಟು ಎಂದಿದ್ದಾನೆ. "ಈ ಖೋಲಿ, ಈ ನೌಕರಿಗಾಗಿ ನಾ ಮನ್ಯಾಗ ಆರು ವರ್ಷ ಜಗಳಾಡೀನ್ರಿ. ಈಗ ಒಂದು ದಾರಕ್ಕ ಹೆದರಿ ಹೋದೆ ಅಂದ್ರ ಮತ್ತ ಹೊರಗ ಬಿಡಂಗಿಲ್ಲ. ಹೋಗಲಿಲ್ಲ ಅಂದ್ರ..." ಎಂದು ನಿಲ್ಲಿಸಿದಳು.

ಹನ್ನೊಂದು ಐದಕ್ಕೆ ಅತಿಕ್ರಮ ಪ್ರವೇಶ ಮತ್ತು ಬೆದರಿಕೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಆಕೆಯ ಮನೆ ಎದುರು ಮಹಿಳಾ ಪೇದೆಯೊಬ್ಬಳನ್ನು ಕೂರಿಸಿ, ಪವಮಾನ ಜೀಪು ಹತ್ತಿದ.

ನಾಲ್ಕೂ ದಾರ ಗುಂಪಿನವರ ಬಾಗಿಲಿಗೇ. ಮೊದಲನೆಯದು ಜನವರಿ ಇಪ್ಪತ್ತೈದಕ್ಕೆ ಬನಹಟ್ಟಿಯ ಹಣಮಪ್ಪ ಎಂಬವನ ಮನೆಗೆ. ಫೋನಿನಲ್ಲಿ ಕೇಳಿದರೆ, ಹೆದರಿ ಸುಟ್ಟುಬಿಟ್ಟೆ ಎಂದ. ಎರಡನೆಯದು ಬೀಳಗಿಯ ಪೂನಮ್ ಮನೆಗೆ. ಈಕೆ ಟೇಲರ್.

"ದಾರ ಎಲ್ಲಮ್ಮ?"

"ಗಟ್ಟಿ ದಾರ ಇತ್ರಿ, ಒಗ್ಯಾಕ ಮನಸಾಗ್ಲಿಲ್ಲ. ಒಂದ ಝಂಪರಿಗಿ ಹುಕ್ ಹಚ್ಚಿನ್ರಿ."

"ಸಾಕ್ಷಿ ಅದು!"

"ನನಗೇನ್ ಗೊತ್ರಿ? ಝಂಪರ ಗಿರಾಕಿ ಒಯ್ದಾಳ. ಇಸಕೊಂಡ ಬರ್ಲೇನು?"

"ಬ್ಯಾಡ, ಬಿಡು," ಎಂದು ಪವಮಾನ ಹಣೆ ಒತ್ತಿಕೊಂಡ. ಸೀಸನ್ನಿನ ಕೊನೆಯ ಬಗ್ಗೆ ಆಕೆ ಗುಂಪಿನಲ್ಲಿ ಏನು ಬರೆದಿದ್ದಳೆಂದು ಕೇಳಿದ.

"ಹದಿನಾಲ್ಕ ವಾರ ಕಾಯಿಸಿ ಬಾಯಾಗ ಮಣ್ಣ ಹಾಕಿದ್ರು ಅಂತ ಬರದಿದ್ದೆ. ಖರೇ ಅಲ್ರಿ ಮತ್ತ?"

ಮೂರನೆಯದು ಮುಧೋಳದ ಬಸ್‌ಸ್ಟ್ಯಾಂಡ್ ಎದುರು ಹಣ್ಣಿನ ಗಾಡಿ ಇಟ್ಟಿರುವ ಗುರುಪಾದನದು. ಅವನ ತಾಯಿ ಯಲ್ಲಕ್ಕ ದಾರವನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಪಕ್ಕದಲ್ಲಿ ಲಿಂಬಿಕಾಯಿ ಮೆಣಸಿನಕಾಯಿ ಕಟ್ಟಿ, ಪೊಲೀಸರಿಗೂ ಮೂರು ಸಲ ನಿವಾಳಿಸಿಯೇ ಒಳಗೆ ಬಿಟ್ಟಳು. ಗುರುಪಾದ ಕೊಲೆಗಾರನ ಪಾರ್ಟಿ. ಅಂಥ ಬುದ್ಧಿವಂತನನ್ನು ಕಡೆಗೆ ಪೊಲೀಸನನ್ನಾಗಿ ಮಾಡಿ ಮರ್ಯಾದೆ ಕಳೆದರೆಂದು ಗುಂಪಿನಲ್ಲಿ ನಿರ್ದೇಶಕನ ಏಳು ತಲೆಮಾರು ಜಾಲಾಡಿದ್ದ. ಅದನ್ನು ಪಿಎಸ್‌ಐ ಎದುರು ಒಪ್ಪಿಕೊಳ್ಳುವಾಗ ಮಾತ್ರ ದನಿ ಇಳಿಯಿತು.

ಮಧ್ಯಾಹ್ನ ಮೂರು ನಲವತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ. ಅಮಸಿದ್ದಪ್ಪ ದಾರವನ್ನು ಬಿಚ್ಚಿ ಅಳತೆಪಟ್ಟಿಯ ಮೇಲೆ ಎಳೆದು ಹಿಡಿದ. ಪವಮಾನ ಬರೆದ: ಕೆಂಪು ಬಣ್ಣ, ಉದ್ದ ಹನ್ನೆರಡು ಇಂಚು, ಅಖಂಡ.

"ಅಖಂಡ ಅಲ್ರಿ," ಎಂದ ಅಮಸಿದ್ದಪ್ಪ. ಹೆಬ್ಬೆರಳು ದಾರದ ನಡುವೆ ನಿಂತಿತ್ತು. "ಇಲ್ಲಿ ಎಳ್ಳಿನಷ್ಟ ಏನೋ ಬೆರಳಿಗಿ ಹತ್ತತೈತಿ. ಎರಡ ತುಂಡ ಕೂಡಿಸ್ಯಾರ."

ಪವಮಾನ ಕನ್ನಡಕ ಹಾಕಿಕೊಂಡು ನೋಡಿದ. ಗಂಟು ಇದ್ದುದು ಖರೆ. ಬಾಲ ಇಲ್ಲದ, ಒಂದು ಚುಕ್ಕೆಯಂಥ ಗಂಟು. ಠಾಣೆಗೆ ಮರಳಿ ಕೇತಕಿಯ ದಾರ ತೆಗೆಸಿದ. ಅದರ ನಡುವೆಯೂ ಅಂಥದೇ ಇನ್ನೊಂದು.

"ನಮ್ಮವ್ವ ಕಂಬಳಿ ನೂಲ ತಗೀತಿದ್ಲು," ಎಂದ ಅಮಸಿದ್ದಪ್ಪ. ಅವನದು ಕುರಿ ಕಾಯ್ದ ಮನೆತನ. "ನಮ್ಮ ಗಂಟ ಕಡ್ಲಿಕಾಳಿನಷ್ಟ ಇರತೈತ್ರಿ, ಕತ್ತಲ್ಯಾಗೂ ಸಿಗತೈತಿ. ಇದು ನಮ್ದಲ್ಲ. ಬನಹಟ್ಟಿ ನೇಕಾರರ ಕಡೆ ಕೇಳೂಣು."

ಅಂದು ಸಂಜೆ ಪವಮಾನ ಖಾನಾವಳಿಯಿಂದ ತರಿಸಿದ ಊಟ ಎದುರಿಗಿಟ್ಟುಕೊಂಡು, ಕೇತಕಿ ಕಳಿಸಿದ್ದ ಆ ಗುಂಪಿನ ಮಾತುಗಳನ್ನು ಓದಲು ಕೂತ. ಹೆಂಡತಿ ಅಲಕಾ ಧಾರವಾಡದಲ್ಲಿ ಶಿಕ್ಷಕಿ. ಎರಡು ವರ್ಷದಿಂದ ಕ್ವಾರ್ಟರ್ಸಿನಲ್ಲಿ ಇವನೊಬ್ಬನೇ. ಊಟ ಆತೇನು, ಆತು, ಇಷ್ಟರ ಮೇಲೆ ಅವರ ಮಾತು ಹೋಗುವುದಿಲ್ಲ. ಅದಕ್ಕೋ ಏನೋ, ಈ ಐವತ್ತೆಂಟು ಮಂದಿಯ ಗದ್ದಲ ಓದುತ್ತ ಓದುತ್ತ ಹಿತವೆನಿಸಿತು. ಸುಳಿವು ಹುಡುಕಲು ಕೂತವನು ಜಗಳ ಓದತೊಡಗಿದ. ಒಬ್ಬಳು ಸತ್ತ ಪಾತ್ರಕ್ಕೆ ಎಡೆ ಇಟ್ಟು ಫೋಟೋ ಹಾಕಿದ್ದಳು. ಒಬ್ಬ ಮೂರನೇ ಸೀಸನ್ನಿನ ಕತೆಯನ್ನು ತಾನೇ ಬರೆದಿದ್ದ. ಹೆಂಡತಿ ಜೊತೆ ಮಾತು ಬಿಟ್ಟೆ, ಆಕೆ ಮೊದಲೇ ಕೊಲೆಗಾರ ಯಾರೆಂದು ಹೇಳಿಬಿಟ್ಟಳು ಎಂದು ಇನ್ನೊಬ್ಬ ಗೋಳಾಡಿದ್ದ. ಎಂಥ ಹುಚ್ಚು ಮಂದಿ, ಎಂದುಕೊಂಡ. ಒಳಗೊಳಗೆ ಅವರ ಮೇಲೆ ಹೊಟ್ಟೆಕಿಚ್ಚೂ ಆಯಿತು. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಫೆಬ್ರವರಿ ಹನ್ನೆರಡು, ಗುರುವಾರ. ಬನಹಟ್ಟಿಯ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಜೀಪಿನ ಹಾರ್ನೂ ಕೇಳುತ್ತಿರಲಿಲ್ಲ. ಮುದಕವ್ವ ಎಂಬ ಎಪ್ಪತ್ತರ ಹೆಣ್ಣುಮಗಳು ಜಗಲಿಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪವಮಾನ ದಾರವಿದ್ದ ಪ್ಲಾಸ್ಟಿಕ್ ಚೀಲವನ್ನು ಮುಂದೆ ಹಿಡಿದ. ಆಕೆ ಚೀಲದ ಮೇಲಿಂದಲೇ ಬೆರಳಾಡಿಸಿದಳು.

"ಮಗ್ಗದ ಗಂಟ. ಎಳಿ ಹರದ್ರ ಹಾಕತಾರ. ದಪ್ಪ ಆದ್ರ ಸೀರ್ಯಾಗ ಕಾಣತೈತೆಲ್ಲ, ಅದಕ್ಕ ಹಿಂಗ ಸಣ್ಣಂದು."

"ಇದನ್ನ ಬ್ಯಾರೆದವ್ರು ಹಾಕಬಹುದೇನು?"

"ಹಾಕಲಿ ನೋಡೂಣು! ದಿನಕ್ಕ ನೂರ ಸಲ ಹಾಕಿದ್ರ ಹತ್ತ ವರ್ಷಕ್ಕ ಹಿಂತಾದ್ದೊಂದ ಬರತೈತಿ. ಆಮ್ಯಾಲ ನೀ ಬ್ಯಾಡಂದ್ರೂ ಬೆರಳ ಕೇಳೂದಿಲ್ಲ."

"ಅಲ್ಲ ಆಯಿ, ತುಂಡು ಕೂಡಿಸಿ ಯಾಕ ಕಟ್ಟಬೇಕು? ಹೊಸಾ ದಾರ ಕತ್ತರಿಸಿದ್ರ ಆಗತಿತ್ತಲ್ಲ?"

ಮುದಕವ್ವ ಕೈ ನಿಲ್ಲಿಸಿ, ಉಂಡ ತಾಟಿನಲ್ಲಿ ಅನ್ನ ಬಿಟ್ಟವನನ್ನು ನೋಡುವಂತೆ ಅವನನ್ನು ನೋಡಿದಳು. "ತುಂಡ ಇದ್ದಾಗ ಹೊಸಾದ ಕತ್ತರಸ್ತಾರೇನೋ ಯಪ್ಪಾ? ಯಾವ ಮನ್ಯಾಂವ ನೀ?"

ಜೀಪಿಗೆ ಮರಳಿ ಪವಮಾನ ಗುಂಪಿನ ವಿಳಾಸಪಟ್ಟಿ ತೆಗೆದ. ಸೀಸನ್ನು ಶುರುವಾದಾಗ, ಕೊಲೆಗಾರ ಯಾರೆಂದು ಸರಿಯಾಗಿ ಊಹಿಸಿದವರಿಗೆ ಬಹುಮಾನ ಕಳಿಸಲೆಂದು ಕೇತಕಿ ಎಲ್ಲರ ಮನೆ ವಿಳಾಸ ಬರೆಸಿಕೊಂಡು ಗುಂಪಿಗೇ ಹಾಕಿದ್ದಳು. ಹಾಗಾಗಿ ಯಾರ ಬಾಗಿಲು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ರಬಕವಿ-ಬನಹಟ್ಟಿಯವರು ಮೂವರು. ಔಷಧ ಅಂಗಡಿಯವನೊಬ್ಬ, ಕಾಲೇಜು ಹುಡುಗಿಯೊಬ್ಬಳು, ಮತ್ತೆ ಹಣಮಪ್ಪ. ಹಣಮಪ್ಪನದು ಮಗ್ಗ.

"ಆದ್ರ ಅಂವಗೂ ದಾರ ಕಟ್ಟ್ಯಾರಲ್ರಿ," ಎಂದ ಅಮಸಿದ್ದಪ್ಪ.

"ಕಟ್ಟ್ಯಾರಂತ ಯಾರು ಹೇಳಿದ್ದು?"

"ಅಂವನ... ಹಾಂ!" ಎಂದ ಅಮಸಿದ್ದಪ್ಪ.

ಪವಮಾನನಿಗೆ ಇನ್ನೊಂದು ಹೊಳೆಯಿತು. ಪೂನಮ್, ಗುರುಪಾದ ಇಬ್ಬರೂ ಸೀಸನ್ನಿನ ಕೊನೆಯನ್ನು ಬೈದವರು. ಹಣಮಪ್ಪ ಏನು ಬರೆದಿದ್ದ? ನೆನಪೇ ಆಗಲಿಲ್ಲ. ಹುಡುಕಿದ. ಮೊದಲ ದಾರಕ್ಕಿಂತ ಮುಂಚಿನವೇ ಇನ್ನೂರ ಹನ್ನೆರಡು ಮಾತು ಸಿಕ್ಕವು. ಕೇತಕಿ ಒಬ್ಬಳನ್ನು ಬಿಟ್ಟರೆ ಅಷ್ಟು ಬರೆದವರು ಬೇರೆ ಯಾರೂ ಇರಲಿಲ್ಲ.

'ನಮಸ್ಕಾರ, ಎಲ್ಲಾರೂ ನೋಡಿದಿರೇನು?' 'ಇಂದಿನ ಭಾಗದಲ್ಲಿ ಕೊಲೆಗಾರ ತಾಯಿಯ ಫೋಟೋ ಒರೆಸುವುದನ್ನು ಯಾರಾದರೂ ಗಮನಿಸಿದಿರೇನು? ಪಾಪ ಅನಿಸಿತು.' 'ಯಾರೂ ಏನೂ ಅಂದಿಲ್ಲ, ಕೆಲಸದಲ್ಲಿ ಇರಬಹುದು. ನಾಳೆ ಸಿಗೋಣ.' ಒಂದಕ್ಕಿಂತ ಒಂದು ನೀಟಾದ ಬರಹ, ತಪ್ಪಿಲ್ಲದ ಕಾಗುಣಿತ. ಇನ್ನೂರ ಹನ್ನೆರಡಕ್ಕೆ ಬಂದ ಉತ್ತರ ಸೊನ್ನೆ. ಪಕ್ಕದಲ್ಲೇ ಪೂನಮ್‌ಳ ಒಂದು ಬೈಗುಳಕ್ಕೆ ಮೂವತ್ತು ಮಂದಿ ಕುಣಿದಿದ್ದರು. ಗುಂಪು ಬೇಕೆಂದು ಬಿಟ್ಟದ್ದಲ್ಲ, ಹೆಬ್ಬೆರಳಿನಿಂದ ಮೇಲೆ ಸರಿಸಿಕೊಂಡು ಹೋಗಿತ್ತು, ಅಷ್ಟೆ. ನಿನ್ನೆ ಸಂಜೆ ತಾನೂ ಹಾಗೇ ಸರಿಸಿದ್ದೆ ಎಂಬುದು ಅರಿವಾಗಿ ಪವಮಾನನಿಗೆ ನಾಚಿಕೆಯಾಯಿತು.

ಜನವರಿ ಇಪ್ಪತ್ತೈದು, ಬೆಳಿಗ್ಗೆ ಏಳು ಹತ್ತು: 'ನಮ್ಮ ಬಾಗಿಲಿಗೆ ಯಾರೋ ಕೆಂಪೆಳೆ ಕಟ್ಟಿದ್ದಾರೆ.' ಸಂಜೆಯೊಳಗೆ ನೂರ ನಲವತ್ತಮೂರು ಉತ್ತರ.

ಬನಹಟ್ಟಿಯ ಉಳಿದ ಇಬ್ಬರನ್ನು ವಿಚಾರಿಸಿ, ಬಸ್ ಕಂಡಕ್ಟರನಿಂದ ಹಣಮಪ್ಪನ ಫೋಟೋ ಗುರುತು ಹಿಡಿಸಿ, ಫೋನಿನ ಟವರ್ ವಿವರ ಬರುವ ಹೊತ್ತಿಗೆ ದಿನ ಮುಗಿದಿತ್ತು. ದಾರ ಕಟ್ಟಿದ ಮೂರೂ ದಿನ ಅವನ ಫೋನು ಬೀಳಗಿ, ಮುಧೋಳ, ಜಮಖಂಡಿಗೆ ಹೋಗಿ ಬಂದಿತ್ತು.

ಫೆಬ್ರವರಿ ಹದಿಮೂರು, ಶುಕ್ರವಾರ, ಹನ್ನೊಂದು ಹದಿನೈದು. ಹಣಮಪ್ಪನ ಮನೆಯ ಮುಂಭಾಗವೇ ಮಗ್ಗದ ಖೋಲಿ. ಐವತ್ತೆರಡರ ಸಣಕಲ ಮನುಷ್ಯ. ಪೊಲೀಸರನ್ನು ಕಂಡು ಓಡಲಿಲ್ಲ. ಸ್ವಿಚ್ ಆರಿಸಿ, ಹರಿದಿದ್ದ ಒಂದು ಎಳೆಯನ್ನು ಗಂಟು ಹಾಕಿಯೇ ಎದ್ದ. ಆ ಬೆರಳುಗಳನ್ನು ಇಬ್ಬರೂ ನೋಡಿದರು.

"ಜೋರಾಗಿ ಮಾತಾಡ್ರಿ," ಎಂದ. "ಮಗ್ಗದ ಸದ್ದಿಗಿ ಕಿವಿ ಹೋಗ್ಯಾವ."

"ದಾರ ಕಟ್ಟಿದಾಂವ ನೀನ ಏನು?"

"ಹೌದ್ರಿ."

"ಮೂರೂ ಕಡೆ?"

"ಹೌದ್ರಿ. ಮಧ್ಯಾನ ಕರೆಂಟ್ ತಗದಾಗ ಬಸ್ ಹತ್ತತಿದ್ದೆ. ನನ್ನ ಬಾಗಲಕ್ಕೂ ನಾನ ಕಟಗೊಂಡಿದ್ದೆ."

"ಯಾಕ?"

ಹಣಮಪ್ಪ ಮಗ್ಗದ ಕಡೆ ತಿರುಗಿದ. "ಕಸ್ತೂರೆವ್ವ ಹೋಗಿ ಮೂರ ವರ್ಷಾತ್ರಿ. ನನ್ನ ಹೆಂಡತಿ. ಆಕಿ ನನ್ನ ಕಿವ್ಯಾಗ ಬಾಯಿಟ್ಟ ಮಾತಾಡತಿದ್ಲು. ಈಗ ಮಂದಿ ಒಮ್ಮಿ ಹೇಳತಾರ, ಎರಡನೇ ಸಲ ಕೇಳಿದ್ರ ಏನಿಲ್ಲ ಬಿಡು ಅಂತಾರ. ಧಾರಾವಾಹ್ಯಾಗ ಮಾತೆಲ್ಲಾ ಕೆಳಗ ಅಕ್ಷರದಾಗ ಬರತಾವ್ರಿ. ಗುಂಪಿನ್ಯಾಗೂ ಹಂಗ. ಅಲ್ಲಿ ಎಲ್ಲಾರೂ ಕಿವುಡ್ರ ಅಲ್ಲೇನ್ರಿ, ಬರದ ಮಾತಾಡಬೇಕು. ನಂದೂ ನಡೀತೈತಿ ಅನಕೊಂಡೆ."

ನಡೆಯಲಿಲ್ಲ. ಬಾಗಿಲಿಗೆ ದಾರ ಕಟ್ಟಿಕೊಂಡ ಮೇಲೆ ಎರಡು ದಿನ ಎಲ್ಲರೂ ಹಣಮಪ್ಪಣ್ಣ, ಹಣಮಪ್ಪಣ್ಣ ಎಂದರು. ಕೇತಕಿ ಎರಡು ಸಲ ಫೋನ್ ಮಾಡಿದಳು. ಅರ್ಧ ಕೇಳಲಿಲ್ಲ, ಆದರೂ ದನಿ ಛಲೋ ಇತ್ತು. ಆಮೇಲೆ ಮತ್ತೆ ಯಾರೂ ಇಲ್ಲ. ಪೂನಮ್ ಮನೆಗೆ ಕಟ್ಟಿದ. ನಿಮಗೂ ಹಿಂಗ ಆಗಿತ್ತಲ್ಲ, ಹೇಳ್ರಿ ಎಂದು ಎಲ್ಲರೂ ಇವನನ್ನೇ ಕೇಳಿದರು.

"ಕೇತಕಿಯವ್ರು ನಿನಗ ಧೈರ್ಯ ಹೇಳಿದವ್ರು. ಅವರಿಗ್ಯಾಕ ಕಟ್ಟಿದಿ?"

"ಸೀಸನ್ ಮುಗೀತು, ಐತವಾರ ಗುಂಪ ಮುಚ್ಚತೇನಿ ಅಂದ್ರು." ತಲೆ ತಗ್ಗಿಸಿದ. "ಮುಚ್ಚಬಾರದಾಗಿತ್ರಿ ಅದು."

"ಇವತ್ತು ಶುಕ್ರವಾರ. ಏನು ಮಾಡಾಂವಿದ್ದಿ?" ಪವಮಾನ ಕೂಗಿಯೇ ಕೇಳಿದ.

"ನಾ ಏನ್ ಮಾಡ್ಲಿರಿ? ಸಂಜೀಕ ಫೋನ್ ಹಚ್ಚಿ ಅವರಿಗಿ ಧೈರ್ಯ ಹೇಳಾಂವಿದ್ದೆ."

ಪವಮಾನ ಹೊರಗೆ ಬಂದು ಕೇತಕಿಗೆ ಫೋನ್ ಮಾಡಿದ. ಆರೋಪಿ ಸಿಕ್ಕಿದ್ದಾನೆ, ಇನ್ನು ಹೆದರಿಕೆ ಇಲ್ಲ ಎಂದ. ಯಾರೆಂದು ಕೇಳಿದಳು. ಹೇಳಿದ.

"ಮೂರು ದಿನ ಬಾಗಲಕ್ಕ ಕುರ್ಚಿ ಆನಿಸಿ ಮಲಗೀನ್ರಿ ನಾ," ಎಂದಳು. ಅಳುತ್ತಿದ್ದಳು, ಸಿಟ್ಟೂ ಇತ್ತು. "ಕಂಪ್ಲೇಂಟ್ ಹಿಂದ ತಗೊಳ್ಳಂಗಿಲ್ಲ. ಅವರು ಮಾಡಿದ್ದು ತಪ್ಪು."

"ತಗೋಬ್ಯಾಡ್ರಿ."

"ಅಜಿತಗ ಗಾಡಿ ತರಬ್ಯಾಡ ಅಂತೀನಿ." ಮೂಗು ಒರೆಸಿಕೊಂಡಳು. "ಅವರು ದಿನಾ ನಮಸ್ಕಾರ ಹಾಕತಿದ್ರು. ನಾ ನೋಡತಿದ್ದೆ. ಬ್ಯಾರೆ ಯಾರರೆ ಉತ್ತರ ಕೊಡತಾರ ಅಂತ ಬಿಡತಿದ್ದೆ."

ಹನ್ನೆರಡು ಐದಕ್ಕೆ ಜಪ್ತಿ ಪಂಚನಾಮೆ ಶುರುವಾಯಿತು. ಕೆಂಪು ನೂಲಿನ ತುಂಡುಗಳು, ಒಂದು ಹಿಡಿ. ಮೊಬೈಲ್, ಒಂದು. ಅದರಲ್ಲಿ ಗುಂಪಿನಿಂದ ಬಂದ, ಇನ್ನೂ ಓದದ ಅರವತ್ತೊಂದು ಮಾತುಗಳಿದ್ದವು. ಬೆಳಿಗ್ಗೆಯಿಂದ ಮಗ್ಗದ ಮೇಲಿದ್ದ ಹಣಮಪ್ಪ ನೋಡಿರಲಿಲ್ಲ.

ಪವಮಾನ ಫೋನ್ ತೆಗೆದುಕೊಂಡು ಮೊದಲನೆಯದನ್ನು ಗಟ್ಟಿಯಾಗಿ ಓದಿದ. "ಹಣಮಪ್ಪಣ್ಣ, ಇವತ್ತು ಶುಕ್ರವಾರ, ನೀವೂ ಹುಷಾರಾಗಿರಿ." ಎರಡನೆಯದು ಓದಿದ. "ಅಣ್ಣಾ, ಊಟ ಆಯಿತೇ?" ಮೂರನೆಯದು, ನಾಲ್ಕನೆಯದು.

"ಸಾಹೇಬ್ರ," ಅಮಸಿದ್ದಪ್ಪ ಮೆಲ್ಲಗೆಂದ. "ಅಷ್ಟೂ ಓದಬೇಕಂತಿಲ್ಲಲ್ರಿ. ಎಷ್ಟದಾವು ಅಂತ ಬರದ್ರ ಸಾಕು."

"ಪಂಚರ ಸಮಕ್ಷಮ ಓದಬೇಕು," ಎಂದ ಪವಮಾನ. ಹಾಗೆಂದು ಯಾವ ನಿಯಮವೂ ಇರಲಿಲ್ಲ. ಹಣಮಪ್ಪನ ಪಕ್ಕಕ್ಕೆ ಬಂದು, ಅವನ ಕಿವಿಯ ಹತ್ತಿರ ಬಗ್ಗಿ, ಅರವತ್ತೊಂದನ್ನೂ ಓದಿದ. ಹಣಮಪ್ಪ ಒಂದೊಂದಕ್ಕೂ ಹೂಂ ಎನ್ನುತ್ತ, ಕೈಕಟ್ಟಿ ಕೂತು ಕೇಳಿದ.

ಮುಗಿದ ಮೇಲೆ ಅವನು ಕೇಳಿದ, "ಒಂದ ಉತ್ತರ ಹಾಕ್ಲೇನ್ರಿ? ಛಲೋ ಅದೇನಿ ಅಂತ ಅಷ್ಟ. ಕಾಯ್ತಿರತಾರ, ಪಾಪ."

"ಜಪ್ತಿ ಆಗೇತಿ, ಹಾಕಾಕ ಬರೋದಿಲ್ಲಪಾ," ಎಂದ ಪವಮಾನ. ಫೋನ್ ಆರಿಸಿ, ಲಕೋಟೆಯಲ್ಲಿ ಹಾಕಿ ಅರಗು ಒತ್ತಿದ. ಸಮಯ ಹನ್ನೆರಡು ಐವತ್ತು ಎಂದು ಬರೆದು, ಸಹಿಗಾಗಿ ಕಾಗದವನ್ನು ಹಣಮಪ್ಪನ ಮುಂದೆ ಸರಿಸಿದ.