ಸ್ಟಾರ್ಟ್ ಆಗಲಾರದ ಗಾಡಿ

ವರ್ನಾ ಲಿಂಡ್‌ಗ್ರೆನ್‌ಳ ಒಂದು ಬೂಟು ರಸ್ತೆಯ ನಡುವೆ ಬಿದ್ದಿತ್ತು. ಹಿಮ ಬಾಚುವ ಲಾರಿಯ ಲಾರ್ನ್ ಅದನ್ನು ಕಂಡು ಬ್ರೇಕ್ ಹಾಕಿದ. ಸ್ವಲ್ಪ ಆಚೆ, ರಸ್ತೆಬದಿಯ ಹಳ್ಳದ ಹಿಮದಲ್ಲಿ ವರ್ನಾ ಅರ್ಧ ಹೂತುಹೋಗಿದ್ದಳು. ಉಸಿರಿತ್ತು. ಪಕ್ಕದಲ್ಲಿ ಒಡೆದ ಕನ್ನಡಿಯ ಚೂರುಗಳು. ಗುದ್ದಿದ ವಾಹನದ ಸುಳಿವಿಲ್ಲ.

ನಮ್ಮ ಸಾಸ್ಕಾಚೆವಾನ್ ಪ್ರಾಂತ್ಯದ ಜನವರಿಯಲ್ಲಿ ಬೆಳಿಗ್ಗೆ ಏಳು ಗಂಟೆಯೆಂದರೆ ಇನ್ನೂ ಕಗ್ಗತ್ತಲು. ಅಂದು ಸೊನ್ನೆಗಿಂತ ಮೂವತ್ತೇಳು ಡಿಗ್ರಿ ಕೆಳಗೆ. ಸಾಲದ್ದಕ್ಕೆ ಹಿಂದಿನ ಸಂಜೆಯಿಂದ ಊರಿಗೂ ಸುತ್ತಲ ಹೊಲಮನೆಗಳಿಗೂ ಕರೆಂಟ್ ಇಲ್ಲ. ಜನರೇಟರ್ ಇದ್ದದ್ದು ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ, ಮತ್ತೆ ಲಾರ್ನ್‌ನ ಲಾರಿ ನಿಲ್ಲುವ ಶೆಡ್ಡಿಗೆ ಮಾತ್ರ. ಅವನು ವರ್ನಾಳನ್ನು ಹೊತ್ತು ತಂದದ್ದು ನನ್ನ ಬಳಿಗೆ. ನಾನು ಕೋರಿನ್, ಈ ಪುಟ್ಟ ಆಸ್ಪತ್ರೆಯ ನರ್ಸ್.

ವರ್ನಾ ವೃದ್ಧಾಶ್ರಮದ ಅಡುಗೆಯವಳು. ಕಾರು ಕೈಕೊಟ್ಟಿತೆಂದು, ಮುದುಕರಿಗೆ ಬೆಳಗಿನ ಗಂಜಿ ತಪ್ಪಬಾರದೆಂದು ನಡೆದೇ ಹೊರಟಿದ್ದಳು. ಎಡಭುಜ ಮುರಿದಿತ್ತು. ಕೈಬೆರಳುಗಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು.

"ಯಾರು ಗುದ್ದಿದ್ದು ವರ್ನಾ?"

"ಪಿಕಪ್ಪು... ನಿಲ್ಲಿಸ್ಲೇ ಇಲ್ಲ ಕಣೇ."

ಅಷ್ಟೇ. ಮತ್ತೆ ಮಾತು ಹೊರಡಲಿಲ್ಲ. ಹತ್ತು ಗಂಟೆಗೆ ಆಂಬುಲೆನ್ಸ್ ಬಂದು ಅವಳನ್ನು ನಗರಕ್ಕೆ ಕರೆದೊಯ್ದಿತು. ಅದು ತಿರುವು ದಾಟುವಷ್ಟರಲ್ಲಿ ಓರೆಸ್ಟ್ ಬಾಗಿಲಲ್ಲಿ ನಿಂತಿದ್ದರು. ಎಂಬತ್ತು ದಾಟಿದ ಯುಕ್ರೇನಿ ರೈತ; ಅವರನ್ನು ಊರೆಲ್ಲ ಗೀದೊ ಎನ್ನುತ್ತದೆ — ಅವರ ಭಾಷೆಯಲ್ಲಿ ತಾತ.

"ಬದುಕ್ತಾಳಾ?" ಎಂದರು, ಟೋಪಿ ಕೈಯಲ್ಲಿ ಹಿಂಡುತ್ತ.

"ಬದುಕ್ತಾಳೆ ಗೀದೊ. ಬೆರಳು ಉಳಿಯೋದು ಕಷ್ಟ."

ಅವರು ಬೆಂಚಿನ ಮೇಲೆ ಕುಸಿದು ಕೂತರು. ಎಲ್ಲರಿಗೂ ಬೇಕಾದ ಹೆಂಗಸು ವರ್ನಾ, ಸಂಕಟ ಸಹಜ ಎಂದುಕೊಂಡೆ. ನನ್ನ ಪಾಳಿ ಮುಗಿದಿತ್ತು. ಗೀದೊ ತಮ್ಮ ಪಿಕಪ್‌ನಲ್ಲಿ ನನ್ನನ್ನು ಮನೆಗೆ ಬಿಟ್ಟರು. ನನ್ನ ಕಡೆಯ ಕಿಟಕಿ ಹಿಮಗಟ್ಟಿ ಬೆಳ್ಳಗಾಗಿ, ಹೊರಗೆ ಏನೂ ಕಾಣುತ್ತಿರಲಿಲ್ಲ. ಮನೆ ಸೇರಿದವಳೇ ಕೋಟು ಕೂಡ ಬಿಚ್ಚದೆ ಕಂಬಳಿಯಡಿ ಬಿದ್ದುಕೊಂಡೆ. ಎಚ್ಚರವಾದದ್ದು ಕರೆಂಟ್ ಬಂದು ನೆಲಮಾಳಿಗೆಯ ಹೀಟರ್ ಗುರ್ರೆಂದಾಗ.

ಅಷ್ಟು ಹೊತ್ತಿಗೆ ಡಾರ್ಸಿ ಪೆಲ್ಟಿಯೆಯನ್ನು ಪೊಲೀಸರು ಒಯ್ದಾಗಿತ್ತು.

ಡಾರ್ಸಿ ನಮ್ಮ ಶಾಲೆಯ ಬಸ್ ಓಡಿಸುವವನು. ಅವನ ಪಿಕಪ್‌ನ ಬಲಗನ್ನಡಿ ಒಡೆದು, ಹೋಲಿಸಿ ನೋಡಲು ಒಂದು ಚೂರೂ ಉಳಿದಿರಲಿಲ್ಲ. ಶರತ್ಕಾಲದಲ್ಲಿ ಜಿಂಕೆ ಗುದ್ದಿ ಒಡೆದದ್ದು ಎನ್ನುತ್ತಾನೆ; ನೋಡಿದವರಿಲ್ಲ. ಅಂದು ಬೆಳಿಗ್ಗೆ ಬಸ್ಸಿನ ಸ್ಥಿತಿ ನೋಡಲು ಅದೇ ರಸ್ತೆಯಲ್ಲಿ ಹೋಗಿದ್ದೆ ಎಂದು ತಾನೇ ಒಪ್ಪಿಕೊಂಡಿದ್ದ. ಆರು ವರ್ಷದ ಮಗಳು ಓಡೆಟ್ ಅವನ ಬಳಿ ಇರಬೇಕೋ, ಬಿಟ್ಟುಹೋದ ತಾಯಿಯ ಬಳಿಗೆ ಹೋಗಬೇಕೋ ಎಂಬುದು ಸೋಮವಾರ ಕೋರ್ಟಿನಲ್ಲಿ ತೀರ್ಮಾನವಾಗಬೇಕು. ಹೆಂಗಸನ್ನು ಗುದ್ದಿ ಹಿಮದಲ್ಲಿ ಬಿಟ್ಟು ಓಡಿದವನ ಕೈಗೆ ಯಾವ ನ್ಯಾಯಾಧೀಶ ಮಗು ಕೊಡುತ್ತಾನೆ? ಅಪ್ಪ ಬರುವವರೆಗೆ ಆ ಮಗು ನನ್ನ ಮನೆಯಲ್ಲಿತ್ತು. ಅಪ್ಪ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಾಫಿ ಅಂಗಡಿ ತುಂಬಿತ್ತು. ಲಾರ್ನ್, ಗೀದೊ, ನಾನು ಒಂದೇ ಮೇಜಿನಲ್ಲಿದ್ದೆವು. ಕಾರ್ಪೊರಲ್ ಟೇಟ್ ಬಂದು ನಮ್ಮ ಮೇಜಿನ ಬಳಿಯೇ ಕುರ್ಚಿ ಎಳೆದಳು. ಬೆಚ್ಚನೆಯ ಕಡಲತೀರದಿಂದ ವರ್ಗವಾಗಿ ಬಂದ ಪೊಲೀಸಮ್ಮ. ಬಂದ ಹೊಸತರಲ್ಲಿ, ಗಾಡಿಗಳ ಮೂತಿಯಲ್ಲೆಲ್ಲ ಜೋತಾಡುವ ವೈರ್ ನೋಡಿ, "ಇಷ್ಟು ಚಿಕ್ಕ ಊರಲ್ಲಿ ಎಲ್ಲರದ್ದೂ ಕರೆಂಟ್ ಗಾಡಿನಾ?" ಎಂದು ಕೇಳಿದ್ದಳು. ಲಾರ್ನ್ ಆ ಮಾತನ್ನು ಊರಿಗೆಲ್ಲ ಹಂಚಿದ್ದ.

"ಈಗ ಗೊತ್ತಾಯ್ತಲ್ಲ ವೈರ್ ಯಾಕೆ ಅಂತ?" ಲಾರ್ನ್ ಕೆಣಕಿದ.

"ಎಂಜಿನ್ ಬೆಚ್ಚಗಿಡೋಕೆ. ಇಲ್ದಿದ್ರೆ ಆಯಿಲ್ ಗಟ್ಟಿಯಾಗುತ್ತೆ, ಸ್ಟಾರ್ಟ್ ಆಗಲ್ಲ. ಕಲ್ತಿದ್ದೀನಿ ಮಾರಾಯ. ಅದನ್ನೇ ಕೇಳೋಕೆ ಬಂದೆ. ನಿನ್ನೆ ಕರೆಂಟ್ ಇರ್ಲಿಲ್ಲ. ಆ ರಸ್ತೆ ಹಿಡಿಯೋ ಪಿಕಪ್‌ಗಳು ಯಾವ್ಯಾವ್ದು? ಯಾವ್ದು ಸ್ಟಾರ್ಟ್ ಆಗೋ ಸ್ಥಿತೀಲಿತ್ತು?"

"ಆ ದಿಕ್ಕಿನಲ್ಲಿ ಪಿಕಪ್ ಇರೋದು ಎರಡೇ. ಡಾರ್ಸಿದು, ಗೀದೊಂದು."

"ಡಾರ್ಸಿದು ಸ್ಟಾರ್ಟ್ ಆಗಿದೆ. ವೈರ್ ಹಾಕ್ದೆನೇ?"

"ಅವ್ನು ಹಾಕೋದು ತೆಳು ಆಯಿಲ್. ಸೊನ್ನೆ-ಇಪ್ಪತ್ತು ನಂಬರಿಂದು. ಈಗಿನ ಪಿಕಪ್‌ಗೆ ಕಂಪನಿಯೋರು ಹೇಳೋದೇ ಅದು. ಎಷ್ಟು ಚಳೀಲೂ ಹರಿಯುತ್ತೆ. ಮುಕ್ಕಿರಿದಾದ್ರೂ ಸ್ಟಾರ್ಟ್ ಆಗುತ್ತೆ."

"ಗೀದೊ, ನಿಮ್ದು?"

ಮೇಜಿನ ಸುತ್ತ ನಗು. ಗೀದೊ ನಗಲಿಲ್ಲ.

"ಕೇಳ್ಬೇಡ ತಾಯಿ!" ಎಂದ ಲಾರ್ನ್. "ಹೋದ್ ವರ್ಷ ಹೊಸ ಗಾಡಿ ತಗೊಂಡ್ರು. ಕಂಪನಿ ಆಯಿಲ್ ನೋಡಿ, 'ಇದೇನು ಆಯಿಲ್ಲಾ, ನೀರಾ?' ಅಂತ ಪೂರ್ತಿ ಬಸಿದು ಚೆಲ್ಲಿಬಿಟ್ರು. ಟ್ರಾಕ್ಟರ್‌ಗೆ ಹಾಕೋ ದಪ್ಪ ಹದಿನೈದು-ನಲವತ್ತು ನಂಬರಿಂದು ಸುರಿದ್ರು. ಇವರ ಹತ್ರ ಇರೋ ಯಂತ್ರಕ್ಕೆಲ್ಲ ಅದೊಂದೇ ಔಷಧಿ. ಹೊಲಿಗೆ ಮಿಷನ್ನಿಗೂ ಅದೇ!"

"ದಪ್ಪ ಆಯಿಲ್ ಎಂಜಿನ್ ಕಾಯುತ್ತೆ," ಎಂದರು ಗೀದೊ, ಎಂದಿನ ಮಾತನ್ನು ಎಂದಿನಂತಲ್ಲದ ದನಿಯಲ್ಲಿ. "ತೆಳು ಆಯಿಲ್ ಅನ್ನೋದು ಪೆಟ್ರೋಲ್ ಲೆಕ್ಕ ಚೆನ್ನಾಗಿ ತೋರ್ಸೋಕೆ ಕಂಪನಿಯೋರು ಹೂಡಿದ ಆಟ."

"ಹಾಗಾದ್ರೆ ನಿನ್ನೆ ಬೆಳಿಗ್ಗೆ?"

"ಕರೆಂಟ್ ಇಲ್ದೆ ನನ್ನ ಗಾಡಿ ಮಿಸುಕಾಡಲ್ಲ. ಊರಿಗೇ ಗೊತ್ತು. ಕರೆಂಟ್ ಬಂದ್ಮೇಲೆ ವೈರ್ ಹಾಕಿ, ಸಂಜೆಗೆ ಹೊರಗೆ ತೆಗ್ದೆ."

"ದಿನಾ ಬೆಳಿಗ್ಗೆ ವೃದ್ಧಾಶ್ರಮಕ್ಕೆ ಹೋಗ್ತೀರಂತೆ?"

"ನನ್ನ ಹೆಂಡ್ತಿ ಸ್ಟೆಫ್ಕಾಗೆ ಗಂಜಿ ತಿನ್ನಿಸೋಕೆ. ಮರೆವಿನ ಕಾಯಿಲೆ ಅವ್ಳಿಗೆ. ನನ್ನ ಕೈಯಿಂದ ಬಿಟ್ರೆ ಬಾಯಿ ತೆರೆಯಲ್ಲ. ನಿನ್ನೆ ಹೋಗ್ಲಿಲ್ಲ. ಅಲ್ಲಿಯೋರನ್ನ ಕೇಳು."

ಟೇಟ್ ಕೇಳಿದ್ದಳು. ಅವರು ಹೋಗಿರಲಿಲ್ಲ, ನಿಜ. ಅಲ್ಲಿಗೆ ಉಳಿದದ್ದು ಡಾರ್ಸಿಯ ಗಾಡಿ ಒಂದೇ. ಗೀದೊ ಕಾಫಿಗೆ ಸಕ್ಕರೆ ಹಾಕಲು ಕೈಚಾಚಿದರು. ಕೈ ಉಪ್ಪಿನ ಡಬ್ಬಿಗೆ ಹೋಯಿತು. ಲಾರ್ನ್ ಏನೂ ಹೇಳದೆ ಸಕ್ಕರೆಯನ್ನು ಅವರ ಮುಂದೆ ತಳ್ಳಿದ. ಟೇಟ್ ಅದನ್ನು ನೋಡಿದಳು. ನಾನೂ ನೋಡಿದೆ. ಆದರೆ ನನ್ನ ತಲೆಯಲ್ಲಿದ್ದದ್ದು ಓಡೆಟ್‌ಳ ಮುಖ, ಮತ್ತು ಡಾರ್ಸಿಯ ಮೇಲಿನ ಸಿಟ್ಟು.

ಮಧ್ಯಾಹ್ನ ಟೇಟ್ ನನ್ನ ಮನೆಗೆ ಬಂದಳು. ಓಡೆಟ್ ಒಳಗೆ ಚಿತ್ರ ಬರೆಯುತ್ತಿದ್ದಳು.

"ನಿಜ ಹೇಳ್ಲಾ ಕೋರಿನ್? ಈ ಕೇಸ್ ನನಗೆ ಸರಿಹೋಗ್ತಿಲ್ಲ. ಗುದ್ದಿ ಓಡೋನು, ನಾನು ಅದೇ ರಸ್ತೆಲಿದ್ದೆ ಅಂತ ತಾನಾಗೇ ಹೇಳ್ತಾನಾ?"

"ಹಾಗಾದ್ರೆ ಇನ್ಯಾರು? ಊರಿನ ಗಾಡಿಗಳೆಲ್ಲ ಸತ್ತು ಬಿದ್ದಿದ್ವಲ್ಲ!"

"ನಿನ್ನ ಕಾರೂನಾ?"

"ಅದೂನೂ."

"ಮತ್ತೆ ಆಸ್ಪತ್ರೆಯಿಂದ ಮನೆಗೆ ಹೇಗೆ ಬಂದೆ?"

"ಗೀದೊ ತಂದು ಬಿಟ್ರು."

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

"ಯಾವಾಗ?" ಟೇಟ್‌ಳ ದನಿ ಮೆತ್ತಗಿತ್ತು.

"ಹತ್ತರ ಹೊತ್ತಿಗೆ... ಇಲ್ಲ, ತಡಿ. ನಾನು ಮಲಗಿ ಎದ್ದಿದ್ದು ಹೀಟರ್ ಸದ್ದಿಗೆ. ಕರೆಂಟ್ ಬಂದ ಸದ್ದಿಗೆ."

"ಕರೆಂಟ್ ಬಂದಿದ್ದು ಮಧ್ಯಾಹ್ನ. ಮಿಸುಕಾಡದ ಗಾಡೀಲಿ ನೀನು ಹತ್ತು ಗಂಟೆಗೆ ಮನೆ ಸೇರಿದ್ದೀಯ."

ಬೆಚ್ಚಗಿನ ಸೀಟಿನಲ್ಲಿ ಕೂತು ಬಂದವಳು ನಾನು. ಇಡೀ ಊರು ಹುಡುಕುತ್ತಿದ್ದ ಗಾಡಿ ಅದೇ! ಮೂತಿಯ ವೈರ್ ಹಾಕುವುದು, ತೆಗೆಯುವುದು ನಮಗೆ ಬೂಟು ಹಾಕಿ ತೆಗೆದಷ್ಟೇ ಸಹಜ. ಅದರ ಬಗ್ಗೆ ಯೋಚಿಸುವ ಅಭ್ಯಾಸವೇ ನಮಗಿಲ್ಲ. ಯೋಚಿಸಿದ್ದು ಹೊರಗಿನಿಂದ ಬಂದವಳು.

ಓಡೆಟ್‌ಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟೆವು. ಗೀದೊ ಅವರ ಅಂಗಳದಲ್ಲಿ ಪಿಕಪ್ ನಿಂತಿತ್ತು, ಬಲಮಗ್ಗುಲನ್ನು ಶೆಡ್ಡಿನ ಗೋಡೆಗೆ ಒತ್ತಿಕೊಂಡು. ವೈರ್ ಹಾಕಿರಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಟ್ರಾಕ್ಟರ್ ಆಯಿಲ್‌ನ ದೊಡ್ಡ ಡಬ್ಬ. ಗೀದೊ ಹೊರಬಂದು ಮೆಟ್ಟಿಲ ಮೇಲೆ ನಿಂತರು.

"ಗೀದೊ, ಬಾನೆಟ್ ಎತ್ಲಾ?"

ಟೇಟ್ ಎತ್ತಿದಳು. ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಇಳಿಬಿಟ್ಟು ಎತ್ತಿ ಹಿಡಿದಳು. ಆ ಚಳಿಯಲ್ಲೂ ತುದಿಯಿಂದ ಹನಿಯೊಂದು ಸರಕ್ಕನೆ ಜಾರಿ ಹಿಮಕ್ಕೆ ಬಿತ್ತು. ಆಮೇಲೆ ತೊಟ್ಟಿಯ ಡಬ್ಬದ ಮುಚ್ಚಳ ತೆಗೆದು ಓರೆ ಮಾಡಿದಳು. ಒಳಗಿದ್ದದ್ದು ಅಲುಗಲಿಲ್ಲ. ಹೆಪ್ಪುಗಟ್ಟಿದ ಬೆಣ್ಣೆಯಂತೆ ಕೂತಿತ್ತು.

"ಎಂಜಿನ್ನಲ್ಲಿರೋದು ಇದಲ್ಲ," ಎಂದಳು. "ತೆಳು ಆಯಿಲ್. ಯಾವಾಗ ಬದಲಾಯಿಸಿದ್ರಿ?"

ಗೀದೊ ಎರಡು ಮೆಟ್ಟಿಲು ಇಳಿದರು.

"ನವೆಂಬರ್‌ನಲ್ಲಿ," ಎಂದರು ಗೀದೊ. "ಮೊದಲ ಚಳಿಗೆ ಒಂದಿನ ಗಾಡಿ ಎದ್ದೇಳ್ಲಿಲ್ಲ. ವೈರ್ ಹಾಕೋದು ಮರ್ತಿದ್ದೆ. ಆವತ್ತೆಲ್ಲ ಸ್ಟೆಫ್ಕಾ ಒಂದು ಚಮಚ ಮುಟ್ಟಿಲ್ಲ. ಮಾರನೇ ದಿನವೇ ನಗರಕ್ಕೆ ಹೋಗಿ ಕಂಪನಿ ಹೇಳಿದ್ದನ್ನೇ ಹಾಕಿಸ್ದೆ. ಕಾಫಿ ಅಂಗಡೀಲಿ ಹೇಳೋದು ಹೇಗೆ? ಲಾರ್ನ್ ಸಾಯೋವರೆಗೂ ಆಡ್ಕೊಳ್ತಿದ್ದ. ಡಬ್ಬ ಹಿಂದೆ ಇಟ್ಕೊಂಡು ಓಡಾಡ್ದೆ."

"ಊರಿನ ಆ ನಗೆಯೇ ನಿಮ್ಮನ್ನ ಕಾಯ್ತು, ಗೀದೊ," ಎಂದಳು ಟೇಟ್. "ನಿಮ್ಮ ಗಾಡಿ ಮೂಸಿ ನೋಡೋ ಮನಸ್ಸೂ ಯಾರಿಗೂ ಬರ್ಲಿಲ್ಲ. ನನಗೂ ಬರ್ತಿರ್ಲಿಲ್ಲ. ನೀವು ಮನೇಲೇ ಕೂತಿದ್ರೆ ಡಾರ್ಸಿ ಜೈಲಿಗೆ ಹೋಗ್ತಿದ್ದ. ಆದ್ರೆ ನಿಮಗೆ ಕೂರೋಕಾಗ್ಲಿಲ್ಲ. ವರ್ನಾ ಬದುಕಿದಾಳಾ ಅಂತ ನೋಡೋಕೆ ಓಡಿಬಂದ್ರಿ. ಕರೆಂಟ್ ಬರೋಕೆ ಮೊದಲೇ."

ಅವಳು ಶೆಡ್ಡಿನ ಸಂದಿಗೆ ನುಗ್ಗಿ ಬಲಗನ್ನಡಿಯ ಮೇಲಿನ ಗೋಣಿ ಸರಿಸಿದಳು. ನಾನು ಹತ್ತಿದ ದಿನವೂ ಆ ಗೋಣಿ ಅಲ್ಲಿತ್ತು; ಹಿಮ ಕೂರದಿರಲೆಂದು ಹೊದಿಸಿದ್ದಾರೆ ಎಂದುಕೊಂಡಿದ್ದೆ. ಚೌಕಟ್ಟಿನಲ್ಲಿ ಉಳಿದಿದ್ದದ್ದು ಒಂದು ಮೂಲೆ. ಜೇಬಿನ ಲಕೋಟೆಯಿಂದ ಚೂರೊಂದನ್ನು ತೆಗೆದು ಅದರ ಪಕ್ಕ ಇಟ್ಟಳು. ಅಂಚಿಗೆ ಅಂಚು ಕೂತಿತು.

"ನೀವೇ ಗುದ್ದಿದ್ದು."

"ನಾನೇ."

"ಗೊತ್ತಾಗ್ಲಿಲ್ವಾ ಗೀದೊ?" ನಾನು ಕೇಳಿದೆ. "ಯಾಕೆ ನಿಲ್ಲಿಸ್ಲಿಲ್ಲ?"

"ಸದ್ದು ಕೇಳ್ತು. ರಸ್ತೆಬದಿ ಬೋರ್ಡ್‌ಗೆ ತಗುಲ್ತು ಅಂದ್ಕೊಂಡೆ. ಅಂದ್ಕೋಬೇಕು ಅಂತ ಅಂದ್ಕೊಂಡೆ. ಕಣ್ಣು ಹೋಗಿದೆ ಕೋರಿನ್. ಬಲಗಡೆ ಬರೀ ಮಬ್ಬು. ಡಾಕ್ಟರ ಹತ್ರ ಹೋದ್ರೆ ಲೈಸೆನ್ಸ್ ಕಿತ್ಕೋತಾರೆ ಅಂತ ಎರಡು ವರ್ಷದಿಂದ ಹೋಗೇ ಇಲ್ಲ. ಗಾಡಿ ಹೋದ್ರೆ ಅವ್ಳ ಹತ್ರ ಹೋಗೋದು ಹೇಗೆ? ಮುಂದೆ ಹೋಗೋ ಧೈರ್ಯ ಆಗ್ಲಿಲ್ಲ, ತಿರುಗಿಸ್ಕೊಂಡು ಮನೆಗೆ ಬಂದೆ. ಲಾರ್ನ್ ಫೋನ್ ಮಾಡಿದಾಗ ಗೊತ್ತಾಯ್ತು ಅದು ವರ್ನಾ ಅಂತ. ಸ್ಟೆಫ್ಕಾಗೆ ದಿನಾ ಗಂಜಿ ಮಾಡಿಡೋಳು ಅವ್ಳೇ."

"ಡಾರ್ಸಿನ ಹಿಡ್ಕೊಂಡು ಹೋದಾಗ? ಆ ಮಗು?"

ಅವರು ಮುಖ ಎತ್ತಲಿಲ್ಲ. ಕೈಗವಸು ತೆಗೆದು, ಕೀಲಿಯನ್ನು ಟೇಟ್‌ಳ ಅಂಗೈಯಲ್ಲಿಟ್ಟರು.

"ನಾಳೆ ಬೆಳಿಗ್ಗೆ ಅವ್ಳಿಗೆ ಯಾರು ತಿನ್ನಿಸ್ತಾರೆ?" ಎಂದಷ್ಟೇ ಕೇಳಿದರು.

ಆ ಸಂಜೆ ಡಾರ್ಸಿ ನನ್ನ ಮನೆಗೆ ಬಂದ. ಓಡೆಟ್ ಅವನ ಕಾಲನ್ನು ತಬ್ಬಿಕೊಂಡು ನಿಂತವಳು ಬಿಡಲೇ ಇಲ್ಲ. ಅವನು ನನ್ನನ್ನು ನೋಡಿದ. ನಾನೂ ಅವನನ್ನು ಅನುಮಾನಿಸಿದ್ದೆನೆಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ವೃದ್ಧಾಶ್ರಮಕ್ಕೆ ಹೋದವಳು ನಾನು. ವರ್ನಾಳ ಬದಲು ಯಾರೋ ಮಾಡಿದ ಗಂಜಿ ಗಂಟುಗಂಟಾಗಿತ್ತು. ಸ್ಟೆಫ್ಕಾ ಕಿಟಕಿಯ ಬಳಿ ಕೂತು, ಗಾಡಿಗಳು ಬಂದು ನಿಲ್ಲುವ ಕಡೆ ನೋಡುತ್ತಿದ್ದಳು. ಚಮಚ ತುಟಿಗೆ ತಾಗಿಸಿದೆ. ತುಟಿ ಬಿಗಿಯಿತು. ಪುಸಲಾಯಿಸಿದೆ, ಗದರಿದೆ, ನನಗೆ ಬರುವ ನಾಲ್ಕು ಯುಕ್ರೇನಿ ಮಾತುಗಳನ್ನೂ ಆಡಿದೆ. ಆಗಲಿಲ್ಲ.

ಆಗ ಹೊರಗೆ ಪಿಕಪ್ ಬಂದು ನಿಂತ ಸದ್ದಾಯಿತು. ಬಾಗಿಲು ಬಡಿದ ಸದ್ದು. ಹಜಾರದಲ್ಲಿ ಬೂಟುಗಳ ಸದ್ದು. ಸ್ಟೆಫ್ಕಾಳ ಮುಖ ಅರಳಿ ಬಾಯಿ ತಾನಾಗಿ ತೆರೆಯಿತು. ಒಂದು ಚಮಚ ಗಂಜಿ ಒಳಗೆ ಹೋಯಿತು.

ಒಳಬಂದದ್ದು ಡಾರ್ಸಿ. ಟೋಪಿಯ ಮೇಲೆ ಹಿಮವಿತ್ತು. "ನಾನೂ ಒಂದು ಕೈ ನೋಡ್ಲಾ ಅಂತ ಬಂದೆ," ಎಂದ.

ಸ್ಟೆಫ್ಕಾ ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.