ಕೆರೆಯದಲ್ಲದ ನೀರು

2008ನೇ ಇಸವಿ ನವೆಂಬರ್ 24, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಹಿಂದೂಪುರದ ಕೋಟೆಬೀದಿ ಠಾಣೆಗೆ ಕಲ್ಯಾಣದುರ್ಗದಿಂದ ಒಬ್ಬ ಹೆಂಗಸು ಬಂದಳು. ಹೆಸರು ರೇವತಿ, ವಯಸ್ಸು ಮೂವತ್ತೊಂದು, ಅಂಗನವಾಡಿ ಶಿಕ್ಷಕಿ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಇನ್ಸ್‌ಪೆಕ್ಟರ್ ಸೋಮಶೇಖರಪ್ಪ ನೋಡಿದ ಕೂಡಲೇ ಗುರುತಿಸಿದರು. ಮೂವತ್ತೊಂಬತ್ತು ದಿನಗಳ ಹಿಂದೆ ಅವಳ ತಮ್ಮನ ಹೆಣವನ್ನು ಒಪ್ಪಿಸಿ ಸಹಿ ಹಾಕಿಸಿಕೊಂಡವರು ಅವರೇ.

ತಮ್ಮ ಹರಿಕೃಷ್ಣ, ಇಪ್ಪತ್ತಾರು ವರ್ಷ. ಹಿಂದೂಪುರದಲ್ಲಿ ಬಾಡಿಗೆ ಕೋಣೆ ಹಿಡಿದು ರೇಷ್ಮೆ ನೂಲು ತೆಗೆಯುವ ಯೂನಿಟ್‌ಗಳಲ್ಲಿ ಮೋಟಾರ್ ರಿಪೇರಿ ಮಾಡುತ್ತಿದ್ದ. ಅಕ್ಟೋಬರ್ 14ರಂದು ಕಾಣೆಯಾದವನ ಹೆಣ 16ರ ಬೆಳಿಗ್ಗೆ ಚಿಲಮತ್ತೂರು ರಸ್ತೆಯ ಬಸವನಕೆರೆಯಲ್ಲಿ ತೇಲಿತ್ತು. ಏರಿಯ ಮೇಲೆ ಅವನ ಮೊಪೆಡ್, ಉಪಕರಣಗಳ ಚೀಲ. ಶ್ವಾಸಕೋಶದಲ್ಲಿ ನೀರಿತ್ತು. ಒಂದು ತಿಂಗಳ ಹಿಂದೆ ಗೊತ್ತಾಗಿದ್ದ ಮದುವೆ ಮುರಿದುಬಿದ್ದಿತ್ತು ಎಂದು ಸುತ್ತಲಿನವರು ಹೇಳಿದರು. ಕಲಂ 174ರ ಅಡಿ ಅಸಹಜ ಸಾವಿನ ಪ್ರಕರಣ ದಾಖಲಾಗಿ, ಅನುಮಾನವಿಲ್ಲ ಎಂಬ ಷರಾದೊಂದಿಗೆ ಮುಗಿದಿತ್ತು. ಷರಾ ಸೋಮಶೇಖರಪ್ಪನವರದೇ.

"ಡಬ್ಬಿಯಲ್ಲಿ ಏನಮ್ಮ?"

"ಹರಿ ಸೆಟ್ಟು ಸಾರ್. ಹೆಣದ ಜೇಬಲ್ಲಿತ್ತು ಅಂತ ನೀವೇ ಕೊಟ್ಟಿದ್ದು."

ಫೋನು ಕ್ಯಾಮೆರಾ ಇದ್ದ ಕೀಪ್ಯಾಡ್ ಸೆಟ್ಟು. ನೆರೆಯವರ ಮಾತು ಕೇಳಿ ಹತ್ತು ದಿನ ಅಕ್ಕಿಯಲ್ಲಿ ಹೂತಿಟ್ಟಿದ್ದಳಂತೆ. ಜೀವ ಬರಲಿಲ್ಲ. ಒಳಗೆ ತಮ್ಮನ ಫೋಟೋ ಸಿಕ್ಕಾವೆಂದು ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಎದುರಿನ ತಿಪ್ಪೇಸ್ವಾಮಿಯ ಅಂಗಡಿಗೆ ಕೊಟ್ಟಳು.

"ಆಯಪ್ಪ ಬಿಚ್ಚಿ ನೋಡಿ, ಇದು ಕೆರೆಯಾಗೆ ಬಿದ್ದು ಕೆಟ್ಟಿದ್ದಲ್ಲ ಅಂದ. ನಮ್ಮ ಬೀದೀಲಿ ಎಲ್ರೂ ಅವನು ಹಾರ್ಕೊಂಡ ಅಂತಾವ್ರೆ ಸಾರ್. ಅಮ್ಮ ಬಾಗಿಲು ದಾಟಿ ಹೊರಕ್ಕೆ ಬಂದು ತಿಂಗಳಾಯ್ತು. ಅವನು ಹೆಂಗ್ ಸತ್ತ ಅಂತ ನಂಗೆ ಗೊತ್ತಾಗ್ಬೇಕು."

ಡಬ್ಬಿಯ ಮುಚ್ಚಳ ತೆಗೆದಾಗ ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಗಿರಿಯಪ್ಪ ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ.

"ಸಾರ್, ಇದು ಗೂಡು ಬೇಯಿಸಿದ ನೀರು."

ಕಲ್ಯಾಣದುರ್ಗದವರಿಗೆ ಆ ವಾಸನೆಯ ಪರಿಚಯವಿಲ್ಲ. ಹಿಂದೂಪುರದಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ರೇಷ್ಮೆ ಗೂಡು, ಒಳಗಿನ ಹುಳು, ಬಿಸಿನೀರು ಮೂರೂ ಸೇರಿ ಬೆಂದ ವಾಸನೆ ಅದು. ಸೋಮಶೇಖರಪ್ಪ ಹಳೆಯ ಫೈಲು ತರಿಸಿದರು. ಶ್ವಾಸಕೋಶದಲ್ಲಿ ನೀರಿತ್ತು ಎಂದು ಬರೆದಿತ್ತು. ಯಾವ ನೀರು ಎಂದು ಯಾರೂ ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರು ಕಲ್ಯಾಣದುರ್ಗದ ಅಂಗಡಿಯಲ್ಲಿದ್ದರು. ಇಬ್ಬರು ಪಂಚರನ್ನು ಕೂರಿಸಿ ಫೋನನ್ನು ಮತ್ತೆ ಬಿಚ್ಚಿಸಿದರು.

"ಏನಪ್ಪಾ, ಅಕ್ಕಿಗೆ ಹಾಕಿದ್ರೆ ಸರಿ ಹೋಗಲ್ವ?"

"ಅಕ್ಕಿ ಏನ್ ಮಾಡ್ತದೆ ಸಾರ್? ಸೆಟ್ಟೂ ಕೆಡ್ತದೆ, ಅನ್ನಾನೂ ಕೆಡ್ತದೆ." ತಿಪ್ಪೇಸ್ವಾಮಿ ಭೂತಗನ್ನಡಿ ಎಳೆದುಕೊಂಡ. "ನೀರು ಬಿದ್ರೆ ಮೊದ್ಲು ಬ್ಯಾಟರಿ ಕೀಳ್ಬೇಕು. ಜನ ಏನ್ ಮಾಡ್ತಾರೆ ಗೊತ್ತಾ? ಆನ್ ಆಯ್ತದಾ ಅಂತ ಒತ್ತಿ ಒತ್ತಿ ನೋಡ್ತಾರೆ. ಅಲ್ಲಿಗೆ ಮುಗೀತು."

ಬ್ಯಾಟರಿ ಕೂರುವ ಗುಂಡಿಯಲ್ಲಿ ಅಂಟಿಸಿದ್ದ ಸಣ್ಣ ಬಿಳಿ ಚೀಟಿ ಕೆಂಪಾಗಿತ್ತು.

"ಈ ಚೀಟಿ ನೀರು ಬಿದ್ದೈತೆ ಅಂತ ಮಾತ್ರ ಹೇಳ್ತದೆ. ಯಾವ ನೀರು ಅನ್ನೋದು ಇಲ್ನೋಡಿ." ಬೋರ್ಡಿನ ಮೇಲಿನ ತೆಳು ತಗಡನ್ನು ಎತ್ತಿದ. "ಬಾವಿ ನೀರಾದ್ರೆ ಬಿಳೀ ಉಪ್ಪು ಕೂತಿರ್ತದೆ. ಕೆರೆ ನೀರಾದ್ರೆ ಮಣ್ಣು. ಇದ್ರಾಗೆ ಕೆರೆ ಮಣ್ಣು ಐತೆ, ಆದ್ರೆ ತಗಡಿನ ಮೇಲೆ ಮಾತ್ರ. ಕೆಳಗೆ ಬರೀ ಬಂಕೆ, ಗೋಂದಿನಂಗೆ ಅಂಟು. ಬಂಕೆ ಮೊದ್ಲೇ ಹೋಗಿ ಜಾಗ ಹಿಡ್ದುಬುಟ್ಟೈತೆ. ಆಮೇಲೆ ಬಂದ ಮಣ್ಣು ಎಲ್ಲಿ ಹೋಗ್ಬೇಕು?"

"ತೊಳೆದಿದ್ದೀಯಾ?"

"ತಿನ್ನರ್ ಹಾಕಿ ನೋಡ್ದೆ, ಹೋಗ್ಲಿಲ್ಲ. ಬಿಸಿನೀರಲ್ಲಿ ಹತ್ತಿ ಅದ್ದಿ ಇಟ್ರೆ ಕರಗ್ತದೆ. ಆಗ್ಲೇ ಅನುಮಾನ ಬಂತು, ಅಷ್ಟಕ್ಕೇ ಬಿಟ್ಟೆ."

ಪಂಚನಾಮೆ ಬರೆದು ಫೋನಿಗೆ ಮೊಹರು ಹಾಕಿ ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದರು. ಆದರೆ ಅಕ್ಕಿ ಡಬ್ಬಿ, ರಿಪೇರಿ ಅಂಗಡಿ ಎಲ್ಲ ಸುತ್ತಿ ಬಂದ ವಸ್ತು ಅದು. ಕೋರ್ಟಿನಲ್ಲಿ ಅದೊಂದೇ ನಿಲ್ಲುವುದಿಲ್ಲವೆಂದು ಸೋಮಶೇಖರಪ್ಪನವರಿಗೆ ಗೊತ್ತಿತ್ತು.

ಫೋನ್ ಕಂಪನಿಯಿಂದ ಕರೆಗಳ ಪಟ್ಟಿ ನವೆಂಬರ್ 29ಕ್ಕೆ ಬಂತು. ಕೊನೆಯ ಕರೆ ಅಕ್ಟೋಬರ್ 14, ಬೆಳಿಗ್ಗೆ 11.41, ಐವತ್ತು ಸೆಕೆಂಡು. ಮಾಡಿದವಳು ರೇವತಿಯೇ. ಸೋಮಶೇಖರಪ್ಪ ಅವಳನ್ನು ಮತ್ತೆ ಕರೆಸಿದರು.

"ಏನಂದ ಅವತ್ತು?"

"ಮೋಟಾರ್ ಕೆಳಗೆ ಮಲಗಿದೀನಿ ಅಕ್ಕ, ಆಮೇಲೆ ಮಾಡ್ತೀನಿ ಅಂದ. ಹುಷಾರು ಕಣೋ ಅಂದೆ. ಮೇನ್ ಸ್ವಿಚ್ ಇಳ್ಸಿ ಹೋಗವ್ರೆ, ಸಾಯಲ್ಲ ಬಿಡು ಅಂತ ನಕ್ಕ." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹನ್ನೆರಡೂ ಐದಕ್ಕೆ ನಾನೇ ಮತ್ತೆ ಮಾಡ್ದೆ. ಸ್ವಿಚ್ ಆಫ್ ಅಂತ ಬಂತು."

11.41ರ ಕರೆ ಹಾದುಹೋದ ಟವರ್ ಇದ್ದದ್ದು ಊರೊಳಗೆ, ನೂಲಿನ ಯೂನಿಟ್‌ಗಳ ನಡುವೆ. ಕೆರೆ ಅಲ್ಲಿಗೆ ಆರು ಕಿಲೋಮೀಟರು. ಕೆರೆ ಏರಿಯಲ್ಲಿ ಎಮ್ಮೆ ಮೇಯಿಸುವ ಮುನೆಪ್ಪನನ್ನು ಗಿರಿಯಪ್ಪ ಹಿಡಿದು ಕೇಳಿದ.

"ಆ ಹುಡುಗ ಕಾಣೆಯಾದ ದಿನ ಮೊಪೆಡ್ ಯಾವಾಗ ನೋಡ್ದೆ?"

"ಮಾರನೇ ದಿನ ಕಣಪ್ಪ. ಅವತ್ತು ಐದು ಗಂಟೆಗೆ ಎಮ್ಮೆ ಹೊಡ್ಕೊಂಡು ಹೋದಾಗ ಏನೂ ಇರ್ನಿಲ್ಲ."

"ಖಚಿತವಾಗಿ?"

"ಎಮ್ಮೆ ಎಣಿಸೋ ಜಾಗ ಅದು. ಮೊಪೆಡ್ ಇದ್ರೆ ಕಾಣ್ಸಲ್ವೇನಪ್ಪ ನಂಗೆ?"

ಫೋನು ಮಧ್ಯಾಹ್ನದೊಳಗೆ ನೀರಿಗೆ ಬಿದ್ದಿತ್ತು. ಮೊಪೆಡ್ ಕೆರೆಗೆ ಬಂದದ್ದು ಸಂಜೆ ಐದರ ಮೇಲೆ. ನಡುವಿನ ಐದು ಗಂಟೆ ಹರಿಕೃಷ್ಣ ಎಲ್ಲಿದ್ದ?

ಆ ಬೀದಿಗಳಲ್ಲಿ ನಲವತ್ತಮೂರು ಯೂನಿಟ್‌ಗಳು. ಮಾಲೀಕರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಅವತ್ತು ನಮ್ಮಲ್ಲಿಗೆ ಬಂದಿರಲಿಲ್ಲ. ಗಿರಿಯಪ್ಪ ಮಾಲೀಕರನ್ನು ಬಿಟ್ಟು ಮೆಕ್ಯಾನಿಕ್‌ಗಳ ಬೆನ್ನು ಹತ್ತಿದ. ಒಬ್ಬ ಬಿಚ್ಚಿಟ್ಟ ಮೋಟಾರನ್ನು ಅವನಿಗೆ ಹೇಳದೆ ಇನ್ನೊಬ್ಬ ಮುಟ್ಟುವುದಿಲ್ಲ, ಅದು ಆ ಕಸುಬಿನವರ ಮರ್ಯಾದೆ. ಡಿಸೆಂಬರ್ 3ರಂದು ಗೋರಂಟ್ಲದ ಓಬುಳೇಶ್ ಸಿಕ್ಕಿದ.

"ಹದಿನೈದನೇ ತಾರೀಕು ಪೋತಪ್ಪ ಕರೆಸ್ದ ಸಾರ್. ಹೋಗಿ ನೋಡಿದ್ರೆ ಅರ್ಧ ಕೆಲ್ಸ. ಎರಡು ವೈರ್ ಕಟ್ಟೈತೆ, ಒಂದು ನೇತಾಡ್ತೈತೆ. ಕಟ್ಟಿದ ಕೈ ನೋಡಿದ್ರೇ ಗೊತ್ತಾಯ್ತದೆ, ಹರೀದು."

"ಅವನಿಗೆ ಹೇಳಿದೆಯಾ?"

"ಮೂರು ಸಾರಿ ಫೋನ್ ಮಾಡ್ದೆ, ಸ್ವಿಚ್ ಆಫ್. ಪೋತಪ್ಪನ್ನ ಕೇಳ್ದೆ. ಅವನು ಊರಿಗೆ ಹೋಗವ್ನೆ, ನೀನೇ ಮುಗ್ಸು ಅಂದ. ನಾನು ಮುಗಿಸ್ಬುಟ್ಟೆ."

ಅದೇ ಸಂಜೆ ನಾಲ್ಕಕ್ಕೆ ಪೋತಪ್ಪನ ಯೂನಿಟ್‌ನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಶೆಡ್ಡಿನಲ್ಲಿ ಮೋಟಾರಿಗೆ ಎರಡು ಅಡಿ ಪಕ್ಕದಲ್ಲೇ ಸಿಮೆಂಟಿನ ತೊಟ್ಟಿ, ಗೂಡು ಬೇಯಿಸಿದ ನೀರು ಬಂದು ಬೀಳುವುದು ಅದಕ್ಕೆ. ಮೇನ್ ಸ್ವಿಚ್ ಇದ್ದದ್ದು ಮುಂದುಗಡೆಯ ಪೋತಪ್ಪನ ಮನೆಯ ಪಡಸಾಲೆಯಲ್ಲಿ. ಮನೆಗೂ ಶೆಡ್ಡಿಗೂ ಅದೊಂದೇ.

ಪೋತಪ್ಪ ಐವತ್ತರ ಗಟ್ಟಿ ಆಳು. ಠಾಣೆಯ ಬೆಂಚಿನ ಮೇಲೆ ಕೂತು ಹೆಚ್ಚು ಹೊತ್ತು ಸತಾಯಿಸಲಿಲ್ಲ.

"ನಾನೇ ಸಾರ್. ಅವನು ಕೆಳಗವ್ನೆ ಅಂತ ಮರ್ತು ಮೇನ್ ಎತ್ಬುಟ್ಟೆ. ಕರೆಂಟ್ ಹೊಡ್ತಕ್ಕೆ ತೊಟ್ಟಿಗೆ ಬಿದ್ದ. ಹೆದ್ರಿಕೆ ಆಯ್ತು. ಕತ್ತಲಾಗೋ ಹೊತ್ತಿಗೆ ಲಗೇಜ್ ಆಟೋದಾಗೆ ಹಾಕ್ಕೊಂಡು ಹೋಗಿ ಕೆರೆಗೆ ಬಿಟ್ಟೆ. ಮೊಪೆಡ್ಡೂ ನಾನೇ ಇಟ್ಟೆ."

"ಎಷ್ಟು ಹೊತ್ತಿಗೆ ಮೇನ್ ಎತ್ತಿದೆ?"

"ಹನ್ನೆರಡರ ಒಳಗೆ."

ಸೋಮಶೇಖರಪ್ಪ ಮೇಜಿನ ಮೇಲೆ ಒಂದು ಕಾಗದವಿಟ್ಟರು. ಗೂಡಿನ ಮಾರುಕಟ್ಟೆಯಿಂದ ಗಿರಿಯಪ್ಪ ತಂದಿದ್ದ ಹರಾಜಿನ ಚೀಟಿಯ ನಕಲು.

"ಹನ್ನೊಂದರಿಂದ ಹನ್ನೆರಡೂ ಇಪ್ಪತ್ತರವರೆಗೆ ನೀನು ಹರಾಜಿನಲ್ಲಿದ್ದೆ. ಸಹಿ ನಿನ್ನದೇ. ಹುಡುಗ ಹನ್ನೆರಡೂ ಐದರೊಳಗೆ ಸತ್ತಿದ್ದಾನೆ. ಮೇನ್ ಎತ್ತಿದ್ದು ಯಾರು?"

ಪೋತಪ್ಪ ಚೀಟಿಯನ್ನು ಎತ್ತಿ ತನ್ನ ಸಹಿ ನೋಡಿ ವಾಪಸು ಮೇಜಿನ ಮೇಲಿಟ್ಟ.

"ನಾನೇ ಅಂತ ಬರ್ಕೊಳ್ಳಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

"ಯಾರು?"

"ನನ್ನ ಹೆಂಡ್ತಿ. ಆದ್ರೆ ಅವಳಿಗೆ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ."

ಹೆಂಡತಿ ನಾಗರತ್ನಳ ಹೇಳಿಕೆಯನ್ನು ಮರುದಿನ ಬೆಳಿಗ್ಗೆ ಅವಳ ಮನೆಯಲ್ಲೇ, ಮಹಿಳಾ ಕಾನ್‌ಸ್ಟೇಬಲ್ ಎದುರಿಗೆ ಬರೆದುಕೊಂಡರು. ಗಂಡ ಹೆಣ ಸಾಗಿಸಿದ ಆರೋಪದ ಮೇಲೆ ಠಾಣೆಯಲ್ಲಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಯಾರನ್ನೋ ಕಾಪಾಡಲು ಹೋಗಿ ಸಿಕ್ಕಿಬಿದ್ದಿದ್ದಾನೆಂದು ನಂಬಿದ್ದಳು.

"ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಕೂಲಿಯವರು ಬಂದಿದ್ದರೇನಮ್ಮ?"

"ಇಲ್ಲ ಸಾರ್. ಮೋಟಾರ್ ಕೆಟ್ಟಿತ್ತು, ಬರ್ಬ್ಯಾಡಿ ಅಂದಿದ್ರು ಇವ್ರು."

"ಮೆಕ್ಯಾನಿಕ್?"

"ಬಂದವ್ನೆ ಅಂತ ನಂಗೆ ಯಾರ್ ಹೇಳಿದ್ರು? ಹಿಂದಿನ ಬಾಗ್ಲಿಂದ ಬಂದು ಹೋಗ್ತಾರೆ. ಇವ್ರು ಮಾರ್ಕೆಟ್‌ಗೆ ಹೋಗಿದ್ರು."

"ಅವತ್ತು ಕರೆಂಟ್ ಇತ್ತಾ?"

"ಬೆಳಿಗ್ಗೆಯಿಂದ ಕಟ್ ಮಾಡಿದ್ರು ಸಾರ್. ಹನ್ನೆರಡರ ಹತ್ರ ಪಕ್ಕದ ಮನೇಲಿ ಮಿಕ್ಸಿ ಸದ್ದು ಬಂತು. ಅವ್ರಿಗೆ ಬಂದೈತೆ, ನಮ್ಗ್ಯಾಕಿಲ್ಲ ಅಂತ ನೋಡಿದ್ರೆ ಮೇನ್ ಬಿದ್ದಿತ್ತು. ಎತ್ದೆ. ಟ್ಯಾಂಕಿಗೆ ನೀರು ಏರಿಸೋಣ ಅಂತ..."

ಅವಳು ಇನ್ಸ್‌ಪೆಕ್ಟರ ಮುಖ ನೋಡಿದಳು, ಗಿರಿಯಪ್ಪನ ಕೈಯಲ್ಲಿ ನಿಂತುಹೋಗಿದ್ದ ಪೆನ್ನು ನೋಡಿದಳು. ಆಮೇಲೆ ಪಡಸಾಲೆಯ ಗೋಡೆಯ ಕಡೆಗೆ ತಿರುಗಿದಳು. ಮಹಿಳಾ ಕಾನ್‌ಸ್ಟೇಬಲ್ ಬಂದು ಅವಳ ಭುಜ ಹಿಡಿದುಕೊಂಡಳು.

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ ಎಂದು ಐಪಿಸಿ ಕಲಂ 304ಎ ಮತ್ತು 201ರ ಅಡಿ ಎಫ್‌ಐಆರ್ ದಾಖಲಾಗಿ ಪೋತಪ್ಪನನ್ನು ಡಿಸೆಂಬರ್ 4ರ ಮಧ್ಯಾಹ್ನ ಒಂದೂವರೆಗೆ ಬಂಧಿಸಿದರು. ತಾನೇ ಮೇನ್ ಇಳಿಸಿ, ಮೆಕ್ಯಾನಿಕ್ ಇದ್ದಾನೆಂದು ಹೆಂಡತಿಗೆ ಹೇಳದೆ ಹೋದದ್ದು ಅವನ ನಿರ್ಲಕ್ಷ್ಯ. ಉಳಿದದ್ದನ್ನು ಅವನು ಮಾಡಿದ್ದು ಅವಳು ಇದನ್ನು ತಿಳಿದು ಬದುಕುವುದಿಲ್ಲ ಎಂಬ ಹೆದರಿಕೆಯಿಂದ. ಐವತ್ತೊಂದು ದಿನ ಅವಳ ಎದುರಿಗೆ ಉಂಡ, ಮಲಗಿದ, ಏನೂ ಹೇಳಲಿಲ್ಲ. ಆ ಐವತ್ತೊಂದು ದಿನವೂ ಕಲ್ಯಾಣದುರ್ಗದ ಒಂದು ಮನೆಯಲ್ಲಿ ಒಬ್ಬ ತಾಯಿ ಮಗ ತನ್ನನ್ನು ಬಿಟ್ಟು ಯಾಕೆ ಕೆರೆಗೆ ಹಾರಿದ ಎಂದು ಕೇಳಿಕೊಳ್ಳುತ್ತಿದ್ದಳು. ಫೋನಿನೊಳಗಿನದು ರೇಷ್ಮೆಯ ಬಂಕೆಯೇ ಎಂದು ಪ್ರಯೋಗಾಲಯದ ವರದಿ ಒಂದು ವಾರದ ಮೇಲೆ ಬಂತು.

ಬಂಧನದ ಸಂಜೆಯೇ ರೇವತಿ ಬಂದಳು. ಸೋಮಶೇಖರಪ್ಪ ನಡೆದದ್ದನ್ನೆಲ್ಲ ಹೇಳಿದರು, ಅಕ್ಟೋಬರ್‌ನಲ್ಲಿ ತಾವು ಹಾಕಿದ ಷರಾ ತಪ್ಪು ಎಂದೂ ಹೇಳಿದರು.

"ಆಯಮ್ಮಂಗೆ ಗೊತ್ತಾ ಸಾರ್?"

"ಇವತ್ತು ಬೆಳಿಗ್ಗೆ ಗೊತ್ತಾಯ್ತು."

"ಪಾಪ," ಎಂದಳು. ಯಾರಿಗೆಂದು ಹೇಳಲಿಲ್ಲ. ಕೊನೆಗೆ ಎಫ್‌ಐಆರ್‌ನ ಪ್ರತಿ ಕೇಳಿದಳು. ಗಿರಿಯಪ್ಪ ತಂದುಕೊಟ್ಟ. ಅವಳು ಅದನ್ನು ವಾಪಸು ಅವನ ಕೈಗೇ ಕೊಟ್ಟಳು.

"ನಮ್ಮಮ್ಮಂಗೆ ಓದಕ್ಕೆ ಬರಲ್ಲ. ನಾನ್ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂತಾಳೆ. ಫೋನ್ ಹಚ್ಚಿ ಕೊಡ್ತೀನಿ, ಪೊಲೀಸ್‌ನೋರ ಬಾಯಲ್ಲೇ ಕೇಳ್ಲಿ. ಅವನು ಹಾರ್ಲಿಲ್ಲ ಅನ್ನೋದು ಎಲ್ಲಿ ಬರೆದೈತೋ ಅಲ್ಲಿಂದ ಓದಣ್ಣ."

ಗಿರಿಯಪ್ಪ ಎದ್ದು ನಿಂತು, ಫೋನನ್ನು ಕಿವಿಗಿಟ್ಟುಕೊಂಡು, ಒಂದೊಂದೇ ಪದ ಬಿಡಿಸಿ ಓದತೊಡಗಿದ.