ಹುಣಸೆನೀರಿನಲ್ಲಿ ಕರಗಿದ ಕಿವಿಗಲ್ಲು

"ಮಿರಗದ ಮಳಿ ಹಿಡಿದ್ರ ಗವಿ ತುಂಬತೈತಿ. ಇವತ್ತ ಇನ್ನೊಂದು ಕಲ್ಲು ಸಿಗಬೇಕ ಅಕ್ಕಾ," ಎಂದ ಕುಬೇರಪ್ಪ.

ದಾನವ್ವ ಗವಿಯೊಳಗೆ ಬಗ್ಗಿ ನೋಡಿದಳು. ತಪ್ಪು ಅವಳದೇ. ಧಾರವಾಡದ ಕಾಲೇಜಿನಲ್ಲಿ ಕಲ್ಲುಮಣ್ಣಿನ ಪಾಠ ಹೇಳುವ ತಮ್ಮ ಕುಬೇರಪ್ಪ, ೧೯೩೮ರ ಆ ಬೇಸಿಗೆಯಲ್ಲಿ ಆಡೂರಿನ ಗುಡ್ಡದ ಗವಿಯ ಬಾಯಲ್ಲಿ ಅವರೆಕಾಳಿನಷ್ಟು ಬಿಳಿ ಕಲ್ಲೊಂದನ್ನು ಹೆಕ್ಕಿ ತಂದಿದ್ದ. ಅದು ಕಲ್ಲಾಗಿಹೋದ ಮೀನಿನ ಕಿವಿಯೊಳಗಿನ ಹರಳು ಎಂದಿದ್ದ. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರ. ಗುಡ್ಡದ ಮೇಲೆ ಮೀನೇ ಎಂದು ನಕ್ಕ ಅವನ ಪುಣೆಯ ಗುರುಗಳಿಗೆ ತೋರಿಸಲು ಅದೊಂದೇ ಸಾಕ್ಷಿ. ಮೀನಿನದೆಂದು ಕೇಳಿದ್ದೇ ತಡ, ಲಿಂಗವಂತರ ಮನೆಯ ದಾನವ್ವ ಮೈಲಿಗೆ ಹೋಗಲೆಂದು ಅದನ್ನು ತಂಬಿಗೆ ಬೆಳಗುವ ಹುಣಸೆನೀರಿನಲ್ಲಿ ನೆನೆಹಾಕಿದಳು. ಬೆಳಗಾಗುವಷ್ಟರಲ್ಲಿ ಅದರ ಗೆರೆಯೆಲ್ಲ ಕರಗಿ ಸಾಬುದಾಣಿಯ ಹಾಗಾಗಿತ್ತು.

ಗವಿಯ ಒಳಬಾಯಿ ಇಕ್ಕಟ್ಟು. ಬಾವಿಯ ಹೂಳು ತೆಗೆಯುವ ರಾಜೇಸಾಬನ ಹೆಗಲೇ ಹಿಡಿಸಲಿಲ್ಲ. ಕುಬೇರಪ್ಪನ ಹೊಟ್ಟೆಯ ಮಾತಂತೂ ಬೇಡ.

"ನಾ ಇಳಿತೇನಿ," ಎಂದು ದಾನವ್ವ ಸೀರೆಯ ಕಚ್ಚೆ ಹಾಕಿ, ಸೊಂಟಕ್ಕೆ ಉಳಿ ಸಿಕ್ಕಿಸಿದಳು.

"ಬ್ಯಾಡ್ರಿ ಅಕ್ಕಾರ!" ಎಂದ ರಾಜೇಸಾಬ.

"ಹಗ್ಗ ಹಿಡಿ. ಕರಗಿಸಿದಾಕಿ ನಾನ, ತರಾಕಿನೂ ನಾನ."

ಕೆಳಗೆ ಕಾಲೂರಿ ಕಂದೀಲು ಎತ್ತಿದಳು. ಸುಣ್ಣದ ಬಣ್ಣದ ಗೋಡೆಯ ತುಂಬ ಮೀನು! ತಲೆಯ ಹಿಂದೆ ತಲೆ, ಬಾಚಣಿಕೆಯಂಥ ಮುಳ್ಳು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿದ್ದವು, ನೀರು ಬಂದರೆ ಈಗಲೇ ಹೊರಟುಬಿಡುವ ಹಾಗೆ. ಕುರಿ ಮೇಯುವ ಈ ಗುಡ್ಡ ಒಂದು ಕಾಲಕ್ಕೆ ಕೆರೆಯ ತಳವಾಗಿತ್ತು! ಶಿವನೇ, ಎಷ್ಟು ಹಳೆಯವರ ಮನೆಗೆ ಬಂದೆ ಎಂದು ದಾನವ್ವ ಕೈಮುಗಿದಳು.

ಗುಡುಗಿತು. ಮಣ್ಣು ಉದುರಿತು.

"ಮಳಿ ಬಂತು! ಮ್ಯಾಲ ಬಾ ಅಕ್ಕಾ!"

ಒಂದು ಮೀನಿನ ತಲೆಬುರುಡೆಗೆ ಉಳಿ ಕೊಟ್ಟು ಮೀಟಿದಳು. ಬಿಳಿ ಹರಳೊಂದು ಅಂಗೈಗೆ ಬಿತ್ತು. ಅಷ್ಟರಲ್ಲಿ ಕೆಸರುನೀರು ಧುಮುಕಿ ಕಂದೀಲು ಆರಿತು. ಹರಳನ್ನು ಸೆರಗಿಗೆ ಗಂಟು ಹಾಕಲು ಹೋದರೆ ಕತ್ತಲಲ್ಲಿ ಸೆರಗಿನ ತುದಿಯೇ ಸಿಗಲಿಲ್ಲ. ಹಗ್ಗಕ್ಕೆ ಎರಡೂ ಕೈ ಬೇಕು.

ದಾನವ್ವ ಕಣ್ಣು ಮುಚ್ಚಿ ಹರಳನ್ನು ಬಾಯಿಗೆ ಹಾಕಿಕೊಂಡಳು.

ಜಾರಿದಳು. ಮೊಣಕಾಲು ತರಚಿತು. ರಾಜೇಸಾಬ ಹಲ್ಲು ಕಚ್ಚಿ ಎಳೆದ. ಅವಳು ಹೊರಬಿದ್ದ ಮೇಲೆ ಕೆಂಪು ನೀರು ಗವಿಯನ್ನು ನುಂಗಿತು.

"ಕಲ್ಲು?" ಕುಬೇರಪ್ಪನ ಮುಖ ಬಿಳಚಿಕೊಂಡಿತ್ತು.

ಅವಳು ಅಂಗೈಗೆ ಉಗುಳಿದಳು.

"ಬಾಯಾಗ ಇಟ್ಕೊಂಡು ಬಂದ್ಯಾ ಅಕ್ಕಾ!"

"ಮತ್ತೇನ್ ಮಾಡ್ಲಿ? ಹುಣಸಿನೀರಿಗಿಂತ ಛಲೋ."

ರಾಜೇಸಾಬನ ಮನೆಯಲ್ಲಿ ಅವನ ಹೆಂಡತಿ ಹುಸೇನಬಿ, ಕುಬೇರಪ್ಪ ಹೇಳಿದ್ದಂತೆ ವರದಾ ಹೊಳೆಯ ನಾಲ್ಕಾರು ಜಾತಿ ಮೀನಿನ ತಲೆ ಬೇಯಿಸಿ, ಕಿವಿಗಲ್ಲು ಬಿಡಿಸಿ ಇಟ್ಟಿದ್ದಳು. ಅವನು ಭೂತಗನ್ನಡಿ ಹಿಡಿದು ಒಂದೊಂದನ್ನೇ ಹೋಲಿಸಿದ. ಒಂದರ ಬಳಿ ಅವನ ಕೈ ನಿಂತಿತು. ಅದೇ ಉಬ್ಬು, ಅದೇ ಅಂಚು, ನಡುವೆ ಅದೇ ಕಾಲುವೆ.

"ಕೊರವ ಮೀನ! ಇದು ಕೊರವನ!" ಎನ್ನುತ್ತ ಅತ್ತೇಬಿಟ್ಟ.

ಹುಸೇನಬಿ ಎರಡನ್ನೂ ದಾನವ್ವನ ಅಂಗೈಯಲ್ಲಿಟ್ಟಳು. ನಿನ್ನೆ ಈಜಿದ್ದು, ಯಾವ ಯುಗದಲ್ಲೋ ಈಜಿದ್ದು. ದಾನವ್ವ ಎರಡನ್ನೂ ಬೆರಳಿನಿಂದ ಸವರಿ ನೋಡಿದಳು.

ಮನೆ ಹೊಸ್ತಿಲಲ್ಲಿ ಕುಬೇರಪ್ಪ ಅಳುಕುತ್ತ ಕೇಳಿದ, "ಇದನ್ನ ಎಲ್ಲಿಡೂಣು ಅಕ್ಕಾ?"

"ದೇವರ ಜಗಲಿ ಮ್ಯಾಲ ಇಡು," ಎಂದಳು. ತೊಳೆಯಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.